ಉಪಖನಿಜದ ಉಪಸರ್ಗ

ಸರಕಾರದ ಕಾಗದಪತ್ರಗಳಲ್ಲಿ 'ಉಪ' ಎಂಬುದು ಬಹು ಸೌಮ್ಯವಾದ ಮಾತು. 2015ರಲ್ಲಿ ಕೇಂದ್ರ ಸರಕಾರವು 31 ಖನಿಜಗಳನ್ನು ಉಪಖನಿಜಗಳೆಂದು ಸಾರಿ ರಾಜ್ಯಗಳ ಕೈಗೊಪ್ಪಿಸಿತು. ಸಿಲಿಕಾ ಮರಳು ಅವುಗಳಲ್ಲೊಂದು. ಗಾಜು ಮಾಡುವುದು, ಕಬ್ಬಿಣದ ಎರಕಕ್ಕೆ ಅಚ್ಚು ಕಟ್ಟುವುದು ಈ ಮರಳಿನಿಂದಲೇ.

"ನಮಗೇನು ಸಂಬಂಧ?" ಎಂದು ಚಿಕ್ಕೋಡಿ ಸೀಮೆಯ ವಾಚಕರು ಕೇಳಿಯಾರು. ನಮ್ಮದು ಕರಿಕಲ್ಲಿನ ನೆಲ, ನಿಜ. ನಿಪ್ಪಾಣಿಯ ಕಡೆಯ ದೂಧಗಂಗಾ, ವೇದಗಂಗಾ ನದಿಗಳು, ರಾಯಬಾಗ, ಕಾಗವಾಡ, ಅಥಣಿಗಳ ಕೃಷ್ಣೆ ತರುವ ಕಪ್ಪು ಮರಳು ಗೋಡೆಗಾದೀತು, ಗಾಜಿಗಾಗದು. ಆದರೆ ನಿಪ್ಪಾಣಿಯಿಂದ ರಾಧಾನಗರಿಯ ಮೇಲೆ ಹಾಯ್ದು ಫೋಂಡಾ ಘಾಟ ಇಳಿಯಿರಿ. ಸಿಂಧುದುರ್ಗ ಜಿಲ್ಲೆಯ ಕಾಸಾರ್ಡೆಯಲ್ಲಿ ನೆಲವನ್ನು ತೆರೆದು ಬಿಳಿಯ ಸಿಲಿಕಾ ಮರಳನ್ನು ತೋಡುತ್ತಾರೆ. ಕೊಲ್ಹಾಪುರ, ಬೆಳಗಾವಿಗಳ ಫೌಂಡ್ರಿಗಳಿಗೆ ಬೇಕಾದದ್ದು ಇಂಥ ಮರಳೇ. ಸುಮಾರು 1,400 ಡಿಗ್ರಿ ಕಾಯ್ದ ಕಬ್ಬಿಣವನ್ನು ಹೊಯ್ದರೂ ಅದು ಕರಗದು. ನಮ್ಮ ಕಬ್ಬಿನ ಗದ್ದೆಗೆ ನೀರೆತ್ತುವ ಪಂಪು ರೂಪ ತಾಳುವುದು ಇಂಥ ಅಚ್ಚಿನಲ್ಲಿ. ಸಂಬಂಧ ಇದೇ.

ಮರಳನ್ನು ತೋಡುವಾಗ, ಸೋಸುವಾಗ, ಎರಕದ ಅಚ್ಚನ್ನು ಒಡೆಯುವಾಗ ಧೂಳು ಏಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣವೇ ಘಾತುಕವಾದದ್ದು. ಅದು ಪುಪ್ಪುಸದ ಆಳಕ್ಕಿಳಿದು ಗಾಯದ ಕಲೆ ಕಟ್ಟುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಮದ್ದಿಲ್ಲ. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು. ಕ್ಷಯಕ್ಕೂ ಅದೇ ಬಾಗಿಲು ತೆರೆಯುತ್ತದೆ. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಈ ಧೂಳು ಕ್ಯಾನ್ಸರ್ ತರುವಂಥದೆಂದು ನಿರ್ಣಯಿಸಿತು. ಇಂಥದು 'ಉಪ'ವೇ?

ಐದು ಹೆಕ್ಟೇರಿಗಿಂತ ಕಿರಿದಾದ ಉಪಖನಿಜದ ಗುತ್ತಿಗೆಗೂ ಪರಿಸರದ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿಯೇ ಹೇಳಿತು. ಆದರೆ ಅನುಮತಿಯ ಕಾಗದವೊಂದೇ ಧೂಳನ್ನು ತಡೆಯದು.

"ಹಾಗಾದರೆ ಉದ್ಯೋಗ ಮುಚ್ಚಬೇಕೆ?" ಎನ್ನುವವರುಂಟು. ಮುಚ್ಚಿರೆಂದು ನಾನೆನ್ನಲಾರೆ, ಪಂಪು ನನ್ನ ಜನಕ್ಕೂ ಬೇಕು. ನೀರು ಸಿಂಪಡಿಸಿ ಧೂಳನ್ನು ಅಡಗಿಸಿರಿ, ಅದನ್ನು ಹೊರಗೆಳೆಯುವ ಯಂತ್ರವನ್ನು ಹೂಡಿರಿ, ಕೂಲಿಯವರ ಎದೆಯ ಕ್ಷ-ಕಿರಣ ಪರೀಕ್ಷೆಯನ್ನು ತಪ್ಪದೆ ಮಾಡಿಸಿರಿ, ತೋಡಿದ ಕುಣಿಯನ್ನು ಮುಚ್ಚಿರಿ. ಮರಳು ಕೊಳ್ಳುವ ಫೌಂಡ್ರಿಯು ಮಾರುವವನಿಂದ ಇಷ್ಟಕ್ಕೂ ಲೆಕ್ಕ ಕೇಳಲಿ. ಅದರಿಂದ ಪಂಪು ತುಸು ತುಟ್ಟಿಯಾದೀತು. ಆಗಲಿ! ಈಗ ಆ ಹಣವನ್ನು ನಾವು ಉಳಿಸುತ್ತಿಲ್ಲ, ಕೂಲಿಯವರ ಉಸಿರಿನಿಂದ ಮುರಿದುಕೊಳ್ಳುತ್ತಿದ್ದೇವೆ.

ನಮ್ಮ ಸೀಮೆಯ ಜೈನರು ಮುನಿಗಳಿಗೊದಗುವ ಸಂಕಟವನ್ನು 'ಉಪಸರ್ಗ' ಎನ್ನುತ್ತಾರೆ. ಮುನಿಗಳು ವ್ರತ ಹಿಡಿದವರು, ಅದನ್ನು ಒಪ್ಪಿ ಸಹಿಸುತ್ತಾರೆ. ಮರಳಿನ ಕುಣಿಗೆ ಇಳಿಯುವವರು ಹೊಟ್ಟೆಯ ಪಾಡಿಗೆ ಬಂದವರು. ಅವರು ಯಾವ ವ್ರತವನ್ನೂ ಹಿಡಿದಿಲ್ಲ.