ಹೊಂದದ ಕಿಡ್ನಿ: ಯಾವುದಕ್ಕೆ ಹೋಲಿಸಿ?

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಮಕ್ಕಳ ಭಾಗ್ಯ ಬೇಡಿ ಬರುವವರು ಇಂದಿಗೂ ಬಹಳ. ಗಂಗಾಕೊಳದ ಮುಂದೆ ಕೂತು ಬೇಡಿಕೊಂಡರೆ ನೀರಿನಿಂದಲೇ ಪ್ರಸಾದ ತೇಲಿ ಬರುತ್ತದೆಂಬುದು ಈ ಸೀಮೆಯ ನಂಬಿಕೆ. ಹಾಗೆ ಬೇಡಿ ಹೆತ್ತ ತಾಯಿಗೆ ಮುಂದೆ ಕಿಡ್ನಿ ಕೈಕೊಟ್ಟಿತು, ಗಂಡ ತನ್ನದೊಂದನ್ನು ಕೊಡುತ್ತೇನೆಂದ ಎಂದುಕೊಳ್ಳಿ. ರಕ್ತದ ಗುಂಪು ಕೂಡಿಬಂದರೂ ವೈದ್ಯರು ತಲೆಯಾಡಿಸಬಹುದು. ಬಸಿರಿನಲ್ಲಿ ಮಗುವಿನ ಮೂಲಕ ಗಂಡನ ಜೀವಕೋಶಗಳ ಗುರುತನ್ನು, ಅಂದರೆ ಎಚ್‌ಎಲ್‌ಎಯನ್ನು, ಕಂಡ ಅವಳ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಕಟ್ಟಿಕೊಂಡಿರಬಹುದು. ಹೆಂಡತಿ ಗಂಡನಿಗೆ ಕೊಡುವಾಗ ಬಸಿರಿನ ಈ ತೊಡಕಿಲ್ಲ. ಭಾರತದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಹೆಂಗಸರು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಇದನ್ನು ಪ್ರತಿಕಾಯದ ತಲೆಗೆ ಕಟ್ಟುವಂತಿಲ್ಲ. ದುಡಿಯುವ ಗಂಡಸಿನ ಜೀವಕ್ಕೆ ಮನೆಗಳಲ್ಲಿ ಹೆಚ್ಚು ಬೆಲೆ, ಅಷ್ಟೆ.

ಹೊಂದದ ಕಿಡ್ನಿ ಹಾಕಿಸಿದರೆ ಎಷ್ಟು ವರ್ಷ ಬಾಳುತ್ತದೆ? ಎಲ್ಲರೂ ಕೇಳುವುದು ಇದನ್ನೇ. ಹಾಕಿಸದಿದ್ದರೆ ಆ ರೋಗಿಯ ಗತಿ ಏನು ಎಂದು ಜೊತೆಗೇ ಕೇಳದಿದ್ದರೆ ಇದಕ್ಕೆ ಉತ್ತರವೇ ಇಲ್ಲ ಎಂಬುದು ನನ್ನ ವಾದ.

ಮೊದಲು, ಹೊಂದದಿರುವುದರಲ್ಲೂ ಎರಡು ಬಗೆ. ರಕ್ತದ ಗುಂಪು ಹೊಂದದಿರುವುದು ಒಂದು. ಮಿದುಳು ಸತ್ತವರ ಅಂಗಗಳು ತೀರ ಅಪರೂಪವಾಗಿದ್ದ ಜಪಾನ್ 1989ರಿಂದಲೇ ಈ ಹಾದಿ ಹಿಡಿಯಿತು. ಆಗ ಗುಲ್ಮವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಈಗ ರಿಟುಕ್ಸಿಮ್ಯಾಬ್ ಎಂಬ ಇಂಜೆಕ್ಷನ್ ಕೊಟ್ಟು, ಪ್ಲಾಸ್ಮಾ ಸೋಸಿ ಪ್ರತಿಕಾಯದ ಮಟ್ಟ ಇಳಿಸುತ್ತಾರೆ. ವಿಚಿತ್ರವೆಂದರೆ, ಕಸಿಯಾಗಿ ಕೆಲವು ವಾರ ಕಳೆದ ಮೇಲೆ ಪ್ರತಿಕಾಯ ಮತ್ತೆ ಏರಿದರೂ ಕಿಡ್ನಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎರಡೂ ಹೇಗೋ ಹೊಂದಿಕೊಂಡುಬಿಡುತ್ತವೆ. ಅಪಾಯವಿರುವುದು ಮೊದಲ ವರ್ಷಗಳಲ್ಲಿ, ಅದೂ ಬಹುಮಟ್ಟಿಗೆ ಸೋಂಕಿನಿಂದ. 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ದೊಡ್ಡ ವಿಶ್ಲೇಷಣೆಯೂ ಆರಂಭದ ವರ್ಷಗಳ ನಷ್ಟವನ್ನು ತೋರಿಸಿತು. ಕಾಲ ಸರಿದಂತೆ ಆ ಅಂತರ ಮಾಯವಾಗುವುದನ್ನೂ ತೋರಿಸಿತು. ಎರಡನೆಯ ಬಗೆ, ಎಚ್‌ಎಲ್‌ಎ ಹೊಂದದ ಕಸಿ, ಇಷ್ಟು ಸಲೀಸಲ್ಲ. ಅಲ್ಲಿ ದೇಹಕ್ಕೆ ನೆನಪು ಗಟ್ಟಿ. ಪ್ರತಿಕಾಯಗಳು ಮರಳಿ ಬಂದು ವರ್ಷಗಟ್ಟಲೆ ಕಿಡ್ನಿಯನ್ನು ನಿಧಾನವಾಗಿ ಸವೆಸುತ್ತವೆ.

ಸವೆದರೂ ಲಾಭವಿದೆಯೇ? 2016ರಲ್ಲಿ ಅಮೆರಿಕದ 22 ಕೇಂದ್ರಗಳ ಅಧ್ಯಯನ ಬಂತು. ಎಚ್‌ಎಲ್‌ಎ ಹೊಂದದ ದಾನಿಯಿಂದ ಕಿಡ್ನಿ ಪಡೆದವರಲ್ಲಿ ಎಂಟು ವರ್ಷದ ನಂತರ ಬದುಕಿದ್ದವರು ಶೇ. 76.5. ಪಟ್ಟಿಯಲ್ಲಿ ಕಾದವರು ಅಥವಾ ಕಾದು ಮೃತರ ಕಿಡ್ನಿ ಪಡೆದವರಲ್ಲಿ ಶೇ. 62.9. ಕಸಿಯೇ ಆಗದೆ ಕಾದವರಲ್ಲಿ ಶೇ. 43.9. ಮರುವರ್ಷ ಬ್ರಿಟನ್ ಇದೇ ಲೆಕ್ಕ ಹಾಕಿದಾಗ ಕಸಿ ಮಾಡಿಸಿಕೊಂಡವರಿಗೂ ಕಾದವರಿಗೂ ಆಯುಸ್ಸಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬ್ರಿಟನ್ನಿನ ಶಸ್ತ್ರವೈದ್ಯರು ದಡ್ಡರೆಂದು ಇದರ ಅರ್ಥವಲ್ಲ. ಅಲ್ಲಿ ಕಾಯುತ್ತಿದ್ದವರೇ ಅಮೆರಿಕದವರಿಗಿಂತ ಚೆನ್ನಾಗಿ ಉಳಿದುಕೊಂಡಿದ್ದರು.

ಹಾಗಾದರೆ ಹೊಸದುರ್ಗದವರು ಯಾರ ಅಂಕಿ ನಂಬಬೇಕು? ಎರಡೂ ಪೂರ್ತಿ ಒಪ್ಪುವುದಿಲ್ಲ. 2023ರಲ್ಲಿ ಇಡೀ ಕರ್ನಾಟಕದಲ್ಲಿ ಮರಣಾನಂತರ ಅಂಗ ಕೊಟ್ಟವರು 178 ಮಂದಿ. ರಾಜ್ಯದಲ್ಲಿ ಅಂಗ ಹಂಚುವ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಕಿಡ್ನಿಗೆ ಕಾಯುವವರು ಸಾವಿರಾರು. ವಾರಕ್ಕೆ ಮೂರು ಸಲ ಆಗಬೇಕಾದ ಡಯಾಲಿಸಿಸ್, ಬಸ್ಸಿನ ಖರ್ಚಿಗೋ ಕೂಲಿ ತಪ್ಪುವುದಕ್ಕೋ ಎಷ್ಟೋ ಜನರಿಗೆ ಎರಡಕ್ಕೆ ಇಳಿಯುತ್ತದೆ. ಕಾಯುವುದೇ ಇಷ್ಟು ದುಬಾರಿಯಾದ ಕಡೆ ಹೊಂದದ ಕಿಡ್ನಿಯ ತೂಕ ಏರುತ್ತದೆ. ಆದರೆ ಕಸಿಯಾದ ಮೇಲೂ ಮನೆಗೆ ಮರಳಬೇಕಾದದ್ದು ಇದೇ ಊರಿಗೆ. ಪ್ರತಿರೋಧ ಶಕ್ತಿಯನ್ನು ಮಟ್ಟಹಾಕಿದ ದೇಹ, ಕ್ಷಯದ ಭಯ, ಪ್ರತಿಕಾಯ ಅಳೆಯುವ ಲ್ಯಾಬ್ ದೂರದ ಬೆಂಗಳೂರಿನಲ್ಲಿ, ಜೀವನಪೂರ್ತಿ ಮಾತ್ರೆ. ಅಮೆರಿಕದ ಶೇ. 76.5 ಇಲ್ಲಿ ತಾನಾಗಿ ಸಿಕ್ಕುವುದಿಲ್ಲ.

ಆದ್ದರಿಂದ ಈ ಕಸಿಯ ಅಗತ್ಯವನ್ನೇ ಕಡಿಮೆ ಮಾಡುವುದು ಮೊದಲ ಕೆಲಸ. ಡಯಾಲಿಸಿಸ್ ರೋಗಿಗೆ ರಕ್ತ ಕಡಿಮೆಯಾದಾಗ ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಕೊಡಬೇಕು. ಅದಿಲ್ಲವೆಂದು ಬಾಟಲಿ ಬಾಟಲಿ ರಕ್ತ ಏರಿಸಿದರೆ ಪ್ರತಿ ಬಾಟಲಿಯೂ ಹೊಸ ಎಚ್‌ಎಲ್‌ಎ ಪ್ರತಿಕಾಯಕ್ಕೆ ದಾರಿ. ಹೊಂದದ ರೋಗಿಯನ್ನು ನಾವೇ ಡಯಾಲಿಸಿಸ್ ವಾರ್ಡಿನಲ್ಲಿ ತಯಾರಿಸುತ್ತಿದ್ದೇವೆ ಎಂದರೆ ಕಟುವಾಗಬಹುದು, ಸುಳ್ಳಾಗದು. ಎರಡನೆಯದು ಅದಲುಬದಲು. ಅಂಗಾಂಗ ಕಸಿ ಕಾಯ್ದೆಗೆ ಬಂದ 2011ರ ತಿದ್ದುಪಡಿ, ಹೊಂದದ ಎರಡು ಕುಟುಂಬಗಳು ಪರಸ್ಪರ ಕಿಡ್ನಿ ವಿನಿಮಯ ಮಾಡಿಕೊಳ್ಳಲು ಕಾನೂನಿನಲ್ಲೇ ಅವಕಾಶ ಕೊಟ್ಟಿತು. ಒಂದು ಮನೆಯಲ್ಲಿ ಎ ದಾನಿ, ಬಿ ರೋಗಿ. ಇನ್ನೊಂದರಲ್ಲಿ ಬಿ ದಾನಿ, ಎ ರೋಗಿ. ಇವರಿಗೆ ಪ್ಲಾಸ್ಮಾ ಸೋಸುವ ಲಕ್ಷಗಟ್ಟಲೆ ಖರ್ಚೇ ಬೇಡ. ಆಸ್ಪತ್ರೆಗಳು ತಮ್ಮ ತಮ್ಮ ಪಟ್ಟಿಗಳನ್ನು ಒಂದುಗೂಡಿಸಿದಷ್ಟೂ ಇಂಥ ಜೋಡಿಗಳು ಸಿಗುತ್ತವೆ.

ಆದರೆ ಓ ಗುಂಪಿನ ರೋಗಿ ಅದಲುಬದಲಿನಲ್ಲೂ ಹಿಂದುಳಿಯುತ್ತಾಳೆ. ಅವಳಿಗೆ ಓ ಕಿಡ್ನಿಯೇ ಬೇಕು. ಓ ದಾನಿಯಿರುವ ಮನೆಯವರಿಗೆ ಸಾಮಾನ್ಯವಾಗಿ ವಿನಿಮಯದ ಗೊಡವೆಯೇ ಬರುವುದಿಲ್ಲ. ಸರ್ಕಾರದ ಯೋಜನೆಗಳ ಹಣ ರಕ್ತದ ಗುಂಪು ಹೊಂದದ ಕಸಿಗೆ ಮೊದಲು ಸಲ್ಲಬೇಕಾದದ್ದು ಇವಳಿಗೆ. ಅದೂ ಆಪರೇಷನ್ ದಿನದ ಬಿಲ್ಲಿಗಷ್ಟೇ ಅಲ್ಲ, ಸೋಂಕು ಹೊಂಚುಹಾಕುವ ಮೊದಲ ವರ್ಷದ ಪರೀಕ್ಷೆ, ಔಷಧಿ, ಓಡಾಟಕ್ಕೂ.