‘ಏನೂ ಇಲ್ಲ’ ಎಂದರೆ ಸಾಲದು

ಯಲಹಂಕ ಉಪನಗರದ ಒಂದು ಮನೆ. ಮಗಳು ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ದಸರಾ ರಜೆ ಮುಗಿದ ಮೇಲೆ ಶುರುವಾದ ಹೊಟ್ಟೆನೋವು ಬಿಡುತ್ತಿಲ್ಲ. ಕಾಲೇಜಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಕ್ಕುಳ ಸುತ್ತ ಹಿಂಡಿದಂತಾಗುತ್ತದೆ. ತಿಂಡಿ ತಟ್ಟೆಯಲ್ಲೇ ಉಳಿಯುತ್ತದೆ. ಆರ್.ಟಿ. ನಗರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ, ಹೆಬ್ಬಾಳದಲ್ಲಿ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್, ಯಶವಂತಪುರದಲ್ಲಿ ತಜ್ಞರ ಭೇಟಿ. ನಡುವೆ ಅಜ್ಜಿ ತರಿಸಿಕೊಟ್ಟ ತಾಯಿತ. ಮೂರು ತಿಂಗಳಲ್ಲಿ ಫೈಲು ದಪ್ಪವಾಯಿತು, ನೋವು ಮಾತ್ರ ಹೋಗಲಿಲ್ಲ.

ತಜ್ಞರು ರಿಪೋರ್ಟುಗಳನ್ನು ತಿರುವಿಹಾಕಿ, “ಎಲ್ಲಾ ನಾರ್ಮಲ್. ಏನೂ ಇಲ್ಲ ಕಣಮ್ಮಾ, ಸುಮ್ನೆ ಟೆನ್ಷನ್ ಮಾಡ್ಕೋಬೇಡ” ಎಂದು ಮುಂದಿನ ಟೋಕನ್ ಕರೆದರು. ಬಸ್ಸಿನಲ್ಲಿ ಬರುವಾಗ ಅಪ್ಪ, “ಇಷ್ಟೆಲ್ಲಾ ದುಡ್ಡು ಸುರಿದದ್ದಕ್ಕೆ ಏನೂ ಇಲ್ಲವಂತೆ” ಎಂದರು. ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಂದಿನಿಂದ ನೋವು ಬಂದರೂ ಹೇಳುವುದನ್ನು ಬಿಟ್ಟಳು.

ಇದು ಒಂದೇ ಮನೆಯ ಕಥೆಯಲ್ಲ, ಹಲವು ಮನೆಗಳನ್ನು ಸೇರಿಸಿದ ಚಿತ್ರ. ಹೊಟ್ಟೆನೋವಿನ ಬದಲು ತಲೆನೋವು, ಎದೆ ಬಡಿತ, ಕೈಕಾಲು ಜೋಮು ಎಂದು ಬರೆದುಕೊಂಡರೆ ಇನ್ನಷ್ಟು ಮನೆಗಳಿಗೆ ಒಪ್ಪೀತು.

ತೊಡಕು ಇರುವುದು ‘ಏನೂ ಇಲ್ಲ’ ಎಂಬ ಎರಡೇ ಪದಗಳಲ್ಲಿ. ಗಾಬರಿಪಡುವಂಥ ರೋಗ ಕಾಣಲಿಲ್ಲ ಎಂಬುದು ವೈದ್ಯರ ಅರ್ಥ. ಅದು ಸಿಹಿ ಸುದ್ದಿಯೇ. ಆದರೆ ನೋವುಂಡವರ ಕಿವಿಗೆ ಬೀಳುವುದು ಬೇರೆ: ‘ನಿನಗೆ ನೋವೇ ಇಲ್ಲ, ನಾಟಕ ಮಾಡುತ್ತಿದ್ದೀಯೆ.’

ಮಕ್ಕಳ ಇಂಥ ನೋವು ಹೊಸದೇನಲ್ಲ. ಇಂಗ್ಲೆಂಡಿನ ಮಕ್ಕಳ ವೈದ್ಯ ಜಾನ್ ಆಪ್ಲಿ ಮತ್ತು ಅವರ ಸಹೋದ್ಯೋಗಿ 1958ರಲ್ಲಿ 1,000 ಶಾಲಾ ಮಕ್ಕಳ ಸಮೀಕ್ಷೆಯನ್ನು ಪ್ರಕಟಿಸಿದರು. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಮತ್ತೆ ಮತ್ತೆ ಮರುಕಳಿಸುವ ಹೊಟ್ಟೆನೋವಿತ್ತು. ಅಂಥವರಲ್ಲಿ ಅಂಗದ ರೋಗ ಕಂಡದ್ದು ಕೆಲವರಲ್ಲಿ ಮಾತ್ರ. ಹಾಗೆಂದು ಉಳಿದವರು ಸುಳ್ಳು ಹೇಳುತ್ತಿದ್ದರೇ? ಇಲ್ಲ. ಕರುಳಿನ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳಿವೆ. ಅವಕ್ಕೂ ಮಿದುಳಿಗೂ ಸದಾ ಸುದ್ದಿ ಓಡಾಡುತ್ತಿರುತ್ತದೆ. ಭಯ, ನಿದ್ದೆಗೇಡು, ಊಟದ ಹೊತ್ತು ತಪ್ಪುವುದು ಇವೆಲ್ಲ ಕರುಳಿನ ಚಲನೆಯನ್ನು ಏರುಪೇರು ಮಾಡುತ್ತವೆ, ಸಣ್ಣ ಸೆಳೆತವನ್ನೂ ದೊಡ್ಡ ನೋವಾಗಿಸುತ್ತವೆ. ಕನ್ನಡಕ್ಕೆ ಇದು ಮೊದಲಿನಿಂದಲೂ ಗೊತ್ತು. ಇಲ್ಲದಿದ್ದರೆ ‘ಕರುಳು ಚುರುಕ್ಕೆಂದಿತು’, ‘ಎದೆ ಧಸಕ್ಕೆಂದಿತು’, ‘ಕೈಕಾಲು ತಣ್ಣಗಾಯಿತು’ ಎಂಬ ಮಾತುಗಳು ಎಲ್ಲಿಂದ ಬಂದವು?

ಅಜ್ಜಿಯ ತಾಯಿತವನ್ನೂ ನಕ್ಕು ತಳ್ಳಿಹಾಕುವಂತಿಲ್ಲ. ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಅಲ್ಲಿನ ಜನ ಡಾಕ್ಟರ ಬಳಿಗೂ ಹೋಗುತ್ತಿದ್ದರು, ನಾಟಿ ವೈದ್ಯರು, ಮಂತ್ರವಾದಿಗಳ ಬಳಿಗೂ ಹೋಗುತ್ತಿದ್ದರು. ತಾಯಿತದಿಂದ ರೋಗ ವಾಸಿಯಾಗುವುದಿಲ್ಲ, ನಿಜ. ಆದರೆ ತಾಯಿತ ಕಟ್ಟುವವನು ‘ಏನೂ ಇಲ್ಲ’ ಎಂದು ಕಳಿಸುವುದಿಲ್ಲ. ಕೂರಿಸಿಕೊಂಡು ಕೇಳುತ್ತಾನೆ, ಏನೋ ಒಂದು ಕಾರಣ ಹೇಳುತ್ತಾನೆ. ಆಸ್ಪತ್ರೆಯಲ್ಲಿ ಸಿಗದ ವಿವರಣೆಯನ್ನು ಜನ ಬೇರೆಡೆ ಹುಡುಕುತ್ತಾರೆ.

ವಿವರಣೆಗೆ ಎಷ್ಟು ಬೆಲೆ? ಇಂಗ್ಲೆಂಡಿನ ಸಾಮಾನ್ಯ ವೈದ್ಯ ಕೆ.ಬಿ. ಥಾಮಸ್ 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಅಳೆದು ನೋಡಿತು. ಖಚಿತ ರೋಗವೆಂದು ಗುರುತಿಸಲಾಗದ 200 ರೋಗಿಗಳಲ್ಲಿ ಕೆಲವರಿಗೆ ತೊಂದರೆ ಇಂಥದು, ಬೇಗ ಗುಣವಾಗುತ್ತದೆ ಎಂದು ಧೈರ್ಯ ಹೇಳಿದರು. ಉಳಿದವರಿಗೆ ಏನೆಂದು ಖಚಿತವಾಗಿ ಹೇಳಲಾರೆ ಎಂದರು. ಎರಡು ವಾರದ ನಂತರ ಮೊದಲ ಗುಂಪಿನಲ್ಲಿ ಶೇ. 64 ಮಂದಿ ಸುಧಾರಿಸಿದ್ದರು, ಎರಡನೆಯದರಲ್ಲಿ ಶೇ. 39. ಔಷಧ ಕೊಟ್ಟದ್ದರಿಂದ, ಕೊಡದೇ ಇದ್ದುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ವೈದ್ಯರು ಸುಳ್ಳು ಭರವಸೆ ಕೊಡಬೇಕೆಂದು ಇದರ ಅರ್ಥವಲ್ಲ. ಅವರ ಮಾತೂ ಚಿಕಿತ್ಸೆಯ ಒಂದು ಭಾಗ, ಅಷ್ಟೆ.

ಯಲಹಂಕದ ಹುಡುಗಿಯನ್ನು ಅಮ್ಮ ಮತ್ತೆ ಆರ್.ಟಿ. ನಗರದ ಹಳೆಯ ಡಾಕ್ಟರ ಬಳಿಗೆ ಕರೆದೊಯ್ದರು. ಅವರು ಫೈಲನ್ನು ಪಕ್ಕಕ್ಕಿಟ್ಟು, “ನೋವು ಎಷ್ಟು ಹೊತ್ತಿಗೆ ಬರುತ್ತಮ್ಮಾ? ಭಾನುವಾರನೂ ಬರುತ್ತಾ? ನಿನಗೇ ಏನನ್ನಿಸುತ್ತೆ?” ಎಂದು ಕೇಳಿದರು. ಆಮೇಲೆ ಹೇಳಿದರು: “ನಿನ್ನ ನೋವು ನಿಜ. ಹೆಬ್ಬಾಳದ ಫ್ಲೈಓವರ್ ನೋಡಿದ್ದೀಯಲ್ಲ? ಸೇತುವೆ ಗಟ್ಟಿಯಾಗೇ ಇದೆ, ಆದರೂ ಬೆಳಿಗ್ಗೆ ಒಂಬತ್ತಕ್ಕೆ ಬಸ್ಸು ಕದಲಲ್ಲ. ಸ್ಕ್ಯಾನಿಂಗಿನಲ್ಲಿ ಕಾಣೋದು ಸೇತುವೆ, ಟ್ರಾಫಿಕ್ ಅಲ್ಲ. ನಿನ್ನ ಹೊಟ್ಟೆ ಗಟ್ಟಿಯಾಗಿದೆ, ಓಡಾಟ ಸರಿಹೋಗಬೇಕು. ಅದಕ್ಕೆ ದಾರಿ ಇದೆ. ಎರಡು ವಾರ ಬಿಟ್ಟು ಬಾ.” ಊಟ, ನಿದ್ದೆಯ ಹೊತ್ತು ಗೊತ್ತುಮಾಡಿದರು, ನೋವಿದ್ದರೂ ಸಾಧ್ಯವಾದಷ್ಟು ತರಗತಿಗೆ ಹೋಗಲು ಹೇಳಿದರು, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕೆಂದೂ ತಿಳಿಸಿದರು.

ಆ ಕೊನೆಯ ಮಾತು ಮುಖ್ಯ. ತೂಕ ಇಳಿಯುವುದು, ಬಿಡದ ಜ್ವರ ಅಥವಾ ವಾಂತಿ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು, ಒಂದೇ ಕಡೆ ನಿಲ್ಲುವ ನೋವು, ಇವುಗಳಲ್ಲಿ ಒಂದಿದ್ದರೂ ಮತ್ತೆ ಪರೀಕ್ಷೆಯಾಗಲೇಬೇಕು. ಕಾರಣ ಸಿಗಲಿಲ್ಲ ಎಂದ ಮಾತ್ರಕ್ಕೆ ಅದು ಮನಸ್ಸಿನದೇ ಎಂದು ತೀರ್ಮಾನಿಸುವುದೂ ತಪ್ಪು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸುವಾಗ, ಇಂಥ ದೈಹಿಕ ತೊಂದರೆಗಳನ್ನು ಗುರುತಿಸಲು ‘ವೈದ್ಯಕೀಯ ಕಾರಣ ಇಲ್ಲ’ ಎಂಬುದನ್ನೇ ಆಧಾರವಾಗಿಟ್ಟುಕೊಳ್ಳುವುದನ್ನು ಕೈಬಿಟ್ಟಿತು.

ವಿದ್ಯಾರ್ಥಿಗಳು ಮಾಡಬಹುದಾದದ್ದೂ ಇದೆ. ನೋವು ಬಂದ ಹೊತ್ತು, ಅಂದು ತಿಂದದ್ದು, ಮಲಗಿದ ವೇಳೆ, ಆ ದಿನದ ವಿಶೇಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ. “ಇದು ಏನಲ್ಲ ಅಂತ ಗೊತ್ತಾಯ್ತು ಡಾಕ್ಟ್ರೇ, ಏನಿರಬಹುದು ಅಂತ ಹೇಳಿ” ಎಂದು ಕೇಳುವುದರಲ್ಲಿ ಅವಿಧೇಯತೆ ಏನೂ ಇಲ್ಲ. ತಂದೆತಾಯಿ, ಮಗುವಿನ ಎದುರು ‘ಓದು ತಪ್ಪಿಸೋಕೆ ನೆಪ’ ಎನ್ನುವ ಮೊದಲು ಒಮ್ಮೆ ತಡೆದುಕೊಳ್ಳಬೇಕು. ಮನಸ್ಸಿನ ಭಾರ ಹೇಳಿಕೊಳ್ಳಲು ಯಾರೂ ಇಲ್ಲವೆನಿಸಿದರೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗಿಯ ನೋವು ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಆದರೆ ಕ್ಲಿನಿಕ್ಕಿನಿಂದ ಹೊರಬರುವಾಗ ಅವಳೇ ಬಾಯಿಬಿಟ್ಟಳು: “ಅಮ್ಮಾ, ಅಪ್ಪನಿಗೂ ಹೇಳು, ಸುಳ್ಳಲ್ಲ ಅಂತ.” ಅಮ್ಮ ಹೇಳಿದರು. ಮರುದಿನ ಬೆಳಿಗ್ಗೆ ಅಪ್ಪ, “ಇವತ್ತು ಹೇಗಿದೆ ಪುಟ್ಟಿ?” ಎಂದು ಕೇಳಿದರು. ಮೂರು ತಿಂಗಳಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು.