ಹಳೆಯ ಮೋಟಾರುಗಳ ಕ್ರಯವಿಕ್ರಯ

2025ನೆಯ ಇಸವಿ ನವೆಂಬರ ತಿಂಗಳ 10ನೆಯ ತಾರೀಖು ಸಾಯಂಕಾಲ ದಿಲ್ಲಿಯ ಕೆಂಪುಕೋಟೆಯ ಬಳಿಯಲ್ಲಿ ಒಂದು ಮೋಟಾರು ಕಾರು ಸಿಡಿದು ಅನೇಕ ನಿರಪರಾಧಿಗಳು ಪ್ರಾಣಗಳನ್ನು ಕಳೆದುಕೊಂಡ ದಾರುಣ ವೃತ್ತಾಂತವನ್ನು ನಮ್ಮ ವಾಚಕರು ಮರೆತಿರಲಾರರು. ಆ ಕಾರಿಗೆ ಹರಿಯಾಣದ ನಂಬರು ಇದ್ದಿತು. ಪೋಲೀಸರು ಆ ನಂಬರಿನ ಜಾಡನ್ನು ಹಿಡಿದು ದಫ್ತರದಲ್ಲಿ ಮಾಲೀಕನೆಂದು ನಮೂದಾಗಿದ್ದವನನ್ನು ವಿಚಾರಣೆಗೆ ಕರೆದಾಗ, ಆತನು ಗಾಡಿಯನ್ನು ಬಹು ಹಿಂದೆಯೇ ಮಾರಿದ್ದನೆಂದೂ, ಅದು ಕೈಯಿಂದ ಕೈಗೆ ದಾಟುತ್ತ ಹೋಗಿದ್ದರೂ ನೋಂದಣಿಯಲ್ಲಿ ಹೆಸರು ಮಾತ್ರ ಹಳೆಯದೇ ಉಳಿದಿದ್ದಿತೆಂದೂ ಹೊರಬಿದ್ದಿತು. 2019ನೆಯ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ನಮ್ಮ 40 ಮಂದಿ ಯೋಧರನ್ನು ಬಲಿತೆಗೆದುಕೊಂಡ ಗಾಡಿಯ ಕಥೆಯೂ ಇದಕ್ಕೆ ದೂರವಾದುದಲ್ಲ. ಅಲ್ಲಿ ದೊರೆತ ಚೂರುಗಳ ಆಧಾರದಿಂದ ರಾಷ್ಟ್ರೀಯ ತನಿಖಾ ಸಂಸ್ಥೆಯವರು ಅದು 2011ರಲ್ಲಿ ಮೊದಲು ಮಾರಾಟವಾದ ಮಾರುತಿ ಈಕೋ ಗಾಡಿಯೆಂದೂ, ಅಲ್ಲಿಂದ ಏಳು ಸಲ ಕೈ ಬದಲಾಯಿಸಿ ದುಷ್ಕರ್ಮಿಯನ್ನು ಸೇರಿತೆಂದೂ ಕಂಡುಹಿಡಿದರು.

ಇಂಥ ಘೋರ ಪ್ರಸಂಗಗಳು ವಿರಳವೆಂಬುದೇನೋ ನಿಜವು. ಆದರೆ ಅವುಗಳ ಬುಡದಲ್ಲಿರುವ ಅಲಕ್ಷ್ಯವು ವಿರಳವಾದುದಲ್ಲ. ಅದು ನಮ್ಮ ಊರೂರುಗಳಲ್ಲಿ, ಓಣಿ ಓಣಿಗಳಲ್ಲಿ, ಪ್ರತಿದಿನವೂ ನಡೆಯತಕ್ಕುದು. ಈ ದೇಶದಲ್ಲಿ 2024-25ನೆಯ ಸಾಲಿನಲ್ಲಿ ಸುಮಾರು 43 ಲಕ್ಷ ಹೊಸ ಪ್ರಯಾಣಿಕ ಗಾಡಿಗಳು ಮಾರಾಟವಾದುವು; ಹಳೆಯ ಗಾಡಿಗಳ ವ್ಯಾಪಾರವು ಇದನ್ನೂ ಮೀರಿದುದೆಂದು ಆ ವ್ಯವಹಾರವನ್ನು ಬಲ್ಲವರು ಹೇಳುತ್ತಾರೆ. ಹೊಲಮನೆಗಳನ್ನು ಕೊಳ್ಳುವಾಗ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸಾಕ್ಷಿದಾರರೊಡನೆ ಕುಳಿತು ಸಹಿ ಮಾಡುವ ಜನರೇ, ನಾಲ್ಕಾರು ಲಕ್ಷ ರೂಪಾಯಿ ಬೆಲೆಯ ಮೋಟಾರನ್ನು ಕೊಡುವಾಗ ಕೀಲಿಕೈಯನ್ನು ದಲ್ಲಾಳಿಯ ಕೈಗೆ ಹಾಕಿ, ಬರೆಯದೆ ಬಿಟ್ಟ ನಮೂನೆಗಳ ಮೇಲೆ ಸಹಿ ಮಾಡಿ, ಹಣವನ್ನು ಎಣಿಸಿಕೊಂಡು ನಿಶ್ಚಿಂತರಾಗಿ ಮನೆಗೆ ಹೋಗುವರು. ಇದೆಂಥ ವಿಶ್ವಾಸವೋ ನಮಗೆ ತಿಳಿಯದು.

ಕಾಯದೆಯು ಏನು ಹೇಳುವುದೆಂಬುದನ್ನು ಮೊದಲು ನೋಡೋಣ. 1988ನೆಯ ಮೋಟಾರು ವಾಹನ ಕಾಯದೆಯ 50ನೆಯ ಕಲಮಿನ ಪ್ರಕಾರ, ಮಾರಿದವನು 14 ದಿವಸಗಳೊಳಗಾಗಿ ನೋಂದಣಿಯ ಅಧಿಕಾರಿಗೆ ವರದಿ ಕೊಡತಕ್ಕದ್ದು. ಕೊಂಡವನು 30 ದಿವಸಗಳೊಳಗಾಗಿ ತನ್ನ ಹೆಸರಿಗೆ ವರ್ಗಮಾಡಿಸಿಕೊಳ್ಳತಕ್ಕದ್ದು. ಮಾರಿದವನ ವರದಿಗೆ 29ನೆಯ ನಮೂನೆ, ವರ್ಗಾವಣೆಗೆ 30ನೆಯ ನಮೂನೆ. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದು ತೀರಿದ್ದರೆ ಅಡವನ್ನು ತೆಗೆಸಲು 35ನೆಯ ನಮೂನೆ. ಬೇರೆ ರಾಜ್ಯಕ್ಕೆ ಒಯ್ಯುವುದಾದರೆ ಎನ್.ಓ.ಸಿ.ಗಾಗಿ 28ನೆಯದು. ಇವಿಷ್ಟೇ ಕಾಗದಗಳು. ಇವುಗಳಲ್ಲಿ 29ನೆಯದನ್ನು ಮತ್ತು 30ನೆಯದನ್ನು ತುಂಬದೆ ಬರಿಯ ಸಹಿಯೊಡನೆ ಕೊಡುವ ರೂಢಿಯಿಂದ ದಲ್ಲಾಳಿಗೆ ಆಗುವ ಲಾಭವು ಸ್ಪಷ್ಟವೇ ಇದೆ: ಗಿರಾಕಿಯು ದೊರೆಯುವ ವರೆಗೆ ಆತನು ತನ್ನ ಹೆಸರನ್ನು ಎಲ್ಲಿಯೂ ಕಾಣಿಸಗೊಡದೆ ಗಾಡಿಯನ್ನು ಓಡಿಸಬಲ್ಲನು. ಮಾರಿದವನಿಗಾದರೋ ಲಾಭವು ಲೇಶವೂ ಇಲ್ಲ.

ಮಾರಿದವನಿಗೆ ಆಗುವ ಕೇಡು ಎಷ್ಟರ ಮಟ್ಟಿನದೆಂಬುದನ್ನು 2018ನೆಯ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನವೀನಕುಮಾರ ವಿರುದ್ಧ ವಿಜಯಕುಮಾರ ಎಂಬ ವ್ಯಾಜ್ಯದಲ್ಲಿ ಸ್ಪಷ್ಟಪಡಿಸಿದೆ. ಅಲ್ಲಿ ಕಾರು ಒಬ್ಬರಿಂದೊಬ್ಬರಿಗೆ ಹಲವು ಸಲ ಮಾರಾಟವಾಗಿದ್ದಿತು, 2009ರಲ್ಲಿ ಅಪಘಾತವಾಯಿತು, ನೋಂದಣಿಯು ಮೊದಲಿನವನ ಹೆಸರಿನಲ್ಲಿಯೇ ಇದ್ದಿತು. ಉಚ್ಚ ನ್ಯಾಯಾಲಯವು ಕಡೆಗೆ ಕೊಂಡವನ ಮೇಲೆ ಹೊಣೆಯನ್ನು ಹೊರಿಸಿದ್ದರೆ, ಸರ್ವೋಚ್ಚ ನ್ಯಾಯಾಲಯವು ಅದನ್ನು ತಿರುಗಿಸಿ, ದಫ್ತರದಲ್ಲಿ ಯಾರ ಹೆಸರಿದೆಯೋ ಅವರೇ ಕಾಯದೆಯ ದೃಷ್ಟಿಯಿಂದ ಮಾಲೀಕರು, ಪರಿಹಾರವನ್ನು ಕೊಡತಕ್ಕವರೂ ಅವರೇ ಎಂದು ತೀರ್ಪಿತ್ತಿತು. ನೊಂದವರು ಕೈಯಿಂದ ಕೈಗೆ ಹೋದ ಗಾಡಿಯ ಜಾಡನ್ನು ಹುಡುಕುತ್ತ ಅಲೆಯಬಾರದೆಂಬುದು ನ್ಯಾಯಾಧೀಶರ ಅಭಿಪ್ರಾಯ. ಇದು ಸರ್ವಥಾ ಯೋಗ್ಯವಾದುದೆಂದು ನಾವೂ ಒಪ್ಪುವೆವು. ಆದರೆ ಗಾಡಿಯನ್ನು ಕೊಟ್ಟು ಎರಡು ವರ್ಷಗಳಾದ ಮೇಲೆ, ತಾನು ಮುಖವನ್ನೇ ಕಾಣದ ಚಾಲಕನ ತಪ್ಪಿಗಾಗಿ ನ್ಯಾಯಾಲಯದ ನೋಟೀಸನ್ನು ಕಾಣುವ ಗೃಹಸ್ಥನ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಲಿ.

ವಿಮೆಯ ವಿಷಯದಲ್ಲಿಯೂ ಜನರಲ್ಲಿ ತಪ್ಪು ತಿಳಿವಳಿಕೆಯಿದೆ. ಗಾಡಿಯೊಡನೆ ವಿಮೆಯೂ ತಾನಾಗಿ ಬರುವುದೆಂದು ಕೊಂಡವರು ಭಾವಿಸುವರು. ಬರುವುದೇನೋ ಸರಿ; ಆದರೆ ಅರ್ಧವು ಮಾತ್ರ. ಮೂರನೆಯವರಿಗೆ ಆಗುವ ಹಾನಿಯ ವಿಮೆಯನ್ನು ಕಾಯದೆಯ 157ನೆಯ ಕಲಮು ಕೊಂಡವನಿಗೆ ವರ್ಗವಾದಂತೆಯೇ ಎಣಿಸುವುದು. ಸ್ವಂತ ಗಾಡಿಯ ಹಾನಿಗೆ, ಕಳವಿಗೆ ಇರುವ ವಿಮೆಯು ಹಾಗಲ್ಲ; ಕಂಪನಿಯವರು ಹೆಸರನ್ನು ಬದಲಾಯಿಸಿ ಒಪ್ಪುವ ವರೆಗೆ ಅದು ವರ್ಗವಾಗದೆಂದು 1995ರಷ್ಟು ಹಿಂದೆಯೇ ತೀರ್ಮಾನವಾಗಿದೆ. ಆದುದರಿಂದ ಕೊಂಡವನು 14 ದಿವಸಗಳೊಳಗಾಗಿ ಕಂಪನಿಗೆ ಅರ್ಜಿಯನ್ನು ಕೊಡುವುದು ಅವಶ್ಯವು. ಕ್ಲೇಮು ಮಾಡದೆ ಇದ್ದುದಕ್ಕಾಗಿ ದೊರೆಯುವ ಸೋಡಿಯು ಶೇಕಡಾ 50ರ ವರೆಗೂ ಏರುವುದುಂಟು. ಅದು ಮಾರಿದ ಮನುಷ್ಯನ ಸ್ವತ್ತೇ ಹೊರತು ಗಾಡಿಯ ಸ್ವತ್ತಲ್ಲ. ಮಾರುವವರು ಅದರ ಪತ್ರವನ್ನು ಪಡೆದಿಟ್ಟುಕೊಂಡರೆ ಮೂರು ವರ್ಷಗಳೊಳಗೆ ತಮ್ಮ ಮುಂದಿನ ಗಾಡಿಗೆ ಉಪಯೋಗಿಸಬಹುದು. ಫಾಸ್ಟ್ಯಾಗ್ ಚೀಟಿಯನ್ನು ಮುಚ್ಚಿಸಲು ಮರೆಯುವವರು ಬೇರೊಬ್ಬರ ಪ್ರಯಾಣದ ಸುಂಕವನ್ನು ತಮ್ಮ ಖಾತೆಯಿಂದ ತೆರುತ್ತಿರುವರು.

ಇನ್ನು ಕೊಳ್ಳುವವರ ಪಾಡು. ಅಮೇರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಏಕರ್ಲಾಫ್ ಎಂಬವರು 1970ರಲ್ಲಿ ಹಳೆಯ ಮೋಟಾರುಗಳ ಪೇಟೆಯನ್ನೇ ವಿಷಯವಾಗಿಟ್ಟುಕೊಂಡು ಒಂದು ಲೇಖನವನ್ನು ಪ್ರಕಟಿಸಿದರು. ಕೆಟ್ಟ ಕಾರಿಗೆ ಆ ದೇಶದ ಜನರು ನಿಂಬೆಹಣ್ಣೆಂದು ಹೆಸರಿಟ್ಟಿರುವರು. ಗಾಡಿಯ ನಿಜಸ್ಥಿತಿಯು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಿರಲು ಕೊಳ್ಳುವವನು ಎಲ್ಲ ಗಾಡಿಗಳಿಗೂ ಸಾಧಾರಣ ಬೆಲೆಯನ್ನೇ ಹೇಳುವನು. ಆ ಬೆಲೆಗೆ ಒಳ್ಳೆಯ ಗಾಡಿಯವನು ಕೊಡಲೊಲ್ಲನು. ಕಡೆಗೆ ಪೇಟೆಯಲ್ಲಿ ಉಳಿಯುವುವು ನಿಂಬೆಹಣ್ಣುಗಳೇ. ಮೂರು ಪತ್ರಿಕೆಗಳು ತಿರಸ್ಕರಿಸಿದ ಆ ಲೇಖನಕ್ಕಾಗಿ ಅವರಿಗೆ 2001ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಅದೇ ಲೇಖನದಲ್ಲಿ ಅವರು ನಮ್ಮ ಹಳ್ಳಿಗಳ ಸಾಹುಕಾರರ ಬಡ್ಡಿಯ ವ್ಯವಹಾರಕ್ಕೂ ಇದೇ ತರ್ಕವನ್ನು ಹಚ್ಚಿರುವುದು ವಾಚಕರಿಗೆ ವಿನೋದವೆನಿಸಬಹುದು.

ತರ್ಕವು ಸರಿಯಾದರೆ ಉಪಾಯವೂ ಅದರಲ್ಲಿಯೇ ಇದೆ: ಮಾರುವವನು ಬಲ್ಲುದನ್ನು ಕೊಳ್ಳುವವನೂ ಅರಿಯಬೇಕು. ಓಡಿದ ಮೈಲಿಗಳನ್ನು ತೋರಿಸುವ ಅಂಕಿಗಳನ್ನು ಹಿಂದಕ್ಕೆ ತಿರುಗಿಸುವುದು ಕುಶಲರಿಗೆ ಅರ್ಧ ಗಂಟೆಯ ಕೆಲಸವೆಂದು ಗ್ಯಾರೇಜಿನವರು ಹೇಳುವರು. ಆದರೆ 30,000 ಕಿಲೋಮೀಟರು ಮಾತ್ರ ಓಡಿತೆಂಬ ಗಾಡಿಯಲ್ಲಿ ಕಾಲೊತ್ತುಗಳ ರಬ್ಬರು ನುಣುಪಾಗಿ, ಚಕ್ರದ ಹಿಡಿಯು ಹೊಳಪೇರಿ, ಚಾಲಕನ ಆಸನವು ಕುಸಿದಿದ್ದರೆ ಅಂಕಿಯು ಸುಳ್ಳೆಂದು ತಿಳಿಯಬಹುದು. ಟಯರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳ ಗುರುತಿರುವುದು: ಮೊದಲಿನೆರಡು ವಾರವನ್ನು, ಕಡೆಯೆರಡು ವರ್ಷವನ್ನು ಹೇಳುವುವು, 2319 ಎಂದರೆ 2019ರ 23ನೆಯ ವಾರ. ಕಂಪನಿಯ ಸರ್ವಿಸ್ ದಾಖಲೆಗಳನ್ನು ತರಿಸಿ ತಾರೀಖಿಗೂ ಕಿಲೋಮೀಟರಿಗೂ ತಾಳೆ ನೋಡುವುದು ಎಲ್ಲಕ್ಕಿಂತ ಉತ್ತಮ.

ನೀರಿನಲ್ಲಿ ಮುಳುಗಿದ ಗಾಡಿಗಳ ವಿಷಯದಲ್ಲಿ ನಾವು ವಿಶೇಷ ಎಚ್ಚರಿಕೆಯನ್ನು ಹೇಳುವೆವು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಪ್ರಾಂತಗಳಲ್ಲಿ, 2023ರ ಡಿಸೆಂಬರಿನಲ್ಲಿ ಪುನಃ ಚೆನ್ನೈಯಲ್ಲಿ ನೆರೆಯ ನೀರಿನೊಳಗೆ ನಿಂತ ಕಾರುಗಳೆಷ್ಟೋ. ಅವೆಲ್ಲವೂ ಗುಜರಿಗೆ ಹೋದುವೆಂದು ನಂಬುವುದು ಕಷ್ಟ. ತೊಳೆದು ಬಣ್ಣ ಬಳಿದ ಗಾಡಿಯು ಹೊರನೋಟಕ್ಕೆ ನವವಧುವಿನಂತಿರುವುದು. ಆದರೆ ಆಸನದ ಪಟ್ಟಿಯನ್ನು ತುದಿಯ ವರೆಗೂ ಎಳೆದು ನೋಡಿದರೆ ಕೆಸರಿನ ಕಲೆ, ಕಾಲ್ಕೆಳಗಿನ ಜಮಖಾನೆಯನ್ನೆತ್ತಿದರೆ ಮಣ್ಣಿನ ಪುಡಿ, ಆಸನದ ಬೋಲ್ಟುಗಳಲ್ಲಿ ತುಕ್ಕು, ದೀಪದ ಗಾಜಿನೊಳಗೆ ತೇವ. ವಿದ್ಯುತ್ತಿನ ತಂತಿಗಳಿಗೆ ಹಿಡಿದ ರೋಗವು ತಿಂಗಳುಗಳಾದ ಮೇಲೆ ಹೊರಬೀಳುವುದು. ಬಲ್ಲ ಮಿಸ್ತ್ರಿಗೆ ಸಾವಿರ ಎರಡು ಸಾವಿರ ರೂಪಾಯಿಗಳನ್ನು ಕೊಟ್ಟು ತೋರಿಸಲು ಹಿಂದೆಗೆಯುವವರು ಮುಂದೆ ಎಷ್ಟು ತೆರುವರೋ!

ಗಾಡಿಯನ್ನು ಕೊಳ್ಳುವ ಮುನ್ನ ಸರಕಾರದ ವಾಹನ್ ದಾಖಲೆಯಲ್ಲಿ ಹೆಸರು, ಅಡವು, ವಿಮೆಯ ಅವಧಿಗಳನ್ನು ನೋಡಬೇಕು. ಚಾಸಿಯ ಮೇಲೆ ಕೆತ್ತಿದ ನಂಬರು ಆರ್.ಸಿ.ಯದಕ್ಕೆ ಅಕ್ಷರಶಃ ಹೊಂದಬೇಕು. ಬಾಕಿಯಿರುವ ದಂಡಗಳನ್ನು ಮಾರುವವನಿಂದಲೇ ತೆರಿಸಬೇಕು.

ತೆರಿಗೆಯ ವಿಷಯವಾಗಿ 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನ ಜಿ.ಎಸ್.ಟಿ. ಮಂಡಲಿಯ ಸಭೆಯಾದ ಮೇಲೆ ಎದ್ದ ಗುಲ್ಲು ಅನೇಕರಿಗೆ ನೆನಪಿರಬಹುದು. ಹಳೆಯ ಕಾರನ್ನು ಮಾರಿದವರೆಲ್ಲರೂ ಶೇಕಡಾ 18 ತೆರಬೇಕೆಂಬ ಸುದ್ದಿಯು ಹಬ್ಬಿತು. ಅದು ಸುಳ್ಳು. ಆ ತೆರಿಗೆಯು ನೋಂದಾಯಿತ ವ್ಯಾಪಾರಿಗಳಿಗೆ, ಅದೂ ಅವರ ಲಾಭದ ಅಂತರದ ಮೇಲೆ ಮಾತ್ರ. ವ್ಯಾಪಾರಿಯು 4 ಲಕ್ಷಕ್ಕೆ ಕೊಂಡು 4 ಲಕ್ಷ 50 ಸಾವಿರಕ್ಕೆ ಮಾರಿದರೆ 50,000ದ ಮೇಲೆ 9,000 ರೂಪಾಯಿ. ಗೃಹಸ್ಥನು ತನ್ನ ಸ್ವಂತ ಕಾರನ್ನು ಇನ್ನೊಬ್ಬ ಗೃಹಸ್ಥನಿಗೆ ಮಾರಿದರೆ ಏನೂ ಇಲ್ಲ. ಬೆಲೆಯ ಮೇಲೆ ನಿಜವಾದ ಪರಿಣಾಮ ಮಾಡಿದುದು 2025ರ ಸೆಪ್ಟೆಂಬರ 22ರಿಂದ ಸಣ್ಣ ಹೊಸ ಕಾರುಗಳ ತೆರಿಗೆಯು ಶೇಕಡಾ 28ರಿಂದ 18ಕ್ಕೆ ಇಳಿದುದು. ಹೊಸದೇ ಅಗ್ಗವಾದಾಗ ಹಳೆಯದರ ಬೆಲೆಯು ನಿಲ್ಲುವುದೆಂತು? ಅದಕ್ಕೂ ಹಿಂದಿನ ಬೆಲೆಯ ಪಟ್ಟಿಯನ್ನು ಮುಂದಿಡುವ ಮಾರಾಟಗಾರನೊಡನೆ ಚೌಕಾಶಿ ಮಾಡಲು ಕೊಳ್ಳುವವನಿಗೆ ಪೂರ್ಣ ಅಧಿಕಾರವಿದೆ.

ದಿಲ್ಲಿಯಿಂದ ಬರುವ ಅಗ್ಗದ ಗಾಡಿಗಳ ಮೋಹವೂ ನಮ್ಮ ತರುಣರಲ್ಲಿ ಬಹಳ. ಅಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದಂದಿನಿಂದ ಮಾಲೀಕರು ಅವಧಿಗೆ ಮೊದಲೇ ಸಿಕ್ಕ ಬೆಲೆಗೆ ಮಾರತೊಡಗಿದರು. ಆದರೆ ಆ ಗಾಡಿಯನ್ನು ಕರ್ನಾಟಕದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿಯೂ, ಗಾಡಿಯ ವಯಸ್ಸಿಗನುಸಾರವಾಗಿ ಇಲ್ಲಿಯ ಜೀವಾವಧಿ ತೆರಿಗೆಯೂ ತಪ್ಪವು. ನಮ್ಮ ಜೀವಾವಧಿ ತೆರಿಗೆಯು ದೇಶದ ಅತಿ ಭಾರವಾದವುಗಳಲ್ಲೊಂದು. ದಿಲ್ಲಿಯಲ್ಲಿ ತೆತ್ತುದನ್ನು ಹಿಂದಕ್ಕೆ ಪಡೆಯಲು ಅಲ್ಲಿಯ ಕಚೇರಿಗೇ ಅಲೆಯಬೇಕು. ಇದೆಲ್ಲವನ್ನೂ ಕೂಡಿಸಿ ನೋಡಿದರೆ ಅಗ್ಗವು ಎಷ್ಟೋ ಸಲ ಅಗ್ಗವಾಗಿ ಉಳಿಯದು.

ಕೇಂದ್ರ ಸರಕಾರದವರು 2022ರ ಡಿಸೆಂಬರಿನಲ್ಲಿ ಹೊರಡಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳು ಈ ಅವ್ಯವಸ್ಥೆಯ ಒಂದು ಭಾಗಕ್ಕೆ ಔಷಧವಾಗಿವೆ. ಹಳೆಯ ಗಾಡಿಗಳ ವ್ಯಾಪಾರಿಯು ಅಧಿಕೃತ ಪ್ರಮಾಣಪತ್ರವನ್ನು ಪಡೆಯಬೇಕು. ಗಾಡಿಯು ಆತನಿಗೆ ಒಪ್ಪಿತವಾದುದನ್ನು ನೋಂದಣಿಯ ಅಧಿಕಾರಿಗೆ ತಿಳಿಸಿದ ಮೇಲೆ ಆತನನ್ನೇ ಮಾಲೀಕನೆಂದು ಎಣಿಸತಕ್ಕದ್ದು. ಗಾಡಿಯು ಹೊರಬಿದ್ದ ಪ್ರತಿಯೊಂದು ಸಂಚಾರದ ಲೆಕ್ಕವನ್ನು ಆತನು ಇಡತಕ್ಕದ್ದು. ಮಾರುವವರು ಕೇಳಬೇಕಾದ ಮೊದಲ ಪ್ರಶ್ನೆಯು ಈ ಪ್ರಮಾಣಪತ್ರದ್ದು. ಆದರೆ ಪ್ರಮಾಣಪತ್ರವಿಲ್ಲದ ದಲ್ಲಾಳಿಗಳು ಈಗಲೂ ಪ್ರತಿ ತಾಲೂಕಿನ ಪೇಟೆಯಲ್ಲಿ ರಾಜಾರೋಷವಾಗಿ ವ್ಯಾಪಾರ ನಡೆಸುತ್ತಿರುವಾಗ ನಮ್ಮ ಸಾರಿಗೆ ಇಲಾಖೆಯವರು ಯಾರನ್ನು ತಡೆದಿರುವರು? ಮಾರಿದವನ 29ನೆಯ ನಮೂನೆಯು ತಲುಪಿದೊಡನೆಯೇ ದಾಖಲೆಯಲ್ಲಿ ಆ ಗಾಡಿಯ ಮುಂದೆ ಮಾರಾಟವಾಗಿದೆಯೆಂಬ ಗುರುತು ಬಿದ್ದು, 30 ದಿವಸಗಳೊಳಗೆ ಕೊಂಡವನು ಬಾರದಿದ್ದರೆ ಆತನಿಗೆ ತಾನಾಗಿ ನೋಟೀಸು ಹೋಗುವಂತೆ ಮಾಡುವುದು ಗಣಕಯಂತ್ರಗಳ ಈ ಕಾಲದಲ್ಲಿ ದುಸ್ಸಾಧ್ಯವೆಂದು ನಮಗೆ ತೋರುವುದಿಲ್ಲ. ಇಲಾಖೆಯ ಸಚಿವರು ಬರುವ ಅಧಿವೇಶನದಲ್ಲಿ ಈ ಬಗ್ಗೆ ಉತ್ತರವನ್ನು ಕೊಡುವರೆಂದು ನಾವು ನಿರೀಕ್ಷಿಸುವೆವು.